ಪಕ್ಕದ ಸಿಸ್ಟಂ ಅನ್ನು ಹೆಸರು ಹಿಡಿದು ಕರೆಯಿರಿ

ಕರೆಂಟು ಹೋಗಿ ಬಂತು, ರೂಟರ್ ಮತ್ತೆ ಆನ್ ಆಯಿತು. ನಿನ್ನೆಯವರೆಗೂ 192.168.1.14 ಎಂದು ಹೊಡೆದರೆ ತೆರೆದುಕೊಳ್ಳುತ್ತಿದ್ದ ಪಾಠಗಳ ಪುಟ ಇವತ್ತು ತೆರೆಯುವುದಿಲ್ಲ. ಹುಡುಕಿದರೆ ಅದೇ ಸಿಸ್ಟಂ 192.168.1.17 ಆಗಿ ಕೂತಿದೆ. ಗೋಡೆಗೆ ಅಂಟಿಸಿದ ಚೀಟಿಯಲ್ಲಿ ಹಳೆಯ ಸಂಖ್ಯೆ ಹೊಡೆದು ಹೊಸದನ್ನು ಬರೆಯುತ್ತೀರಿ. ಮುಂದಿನ ವಾರ ಮತ್ತೆ ಇದೇ ಪಾಡು.

ತುಮಕೂರಿನಿಂದ ಕುಣಿಗಲ್ ಕಡೆಗೆ ಹೋಗುವ ರಸ್ತೆಯಲ್ಲಿ ಸಿಗುವ ಗೂಳೂರಿನಂಥ ಹೋಬಳಿ ಕೇಂದ್ರದಲ್ಲಿ ಈ ತೊಂದರೆ ಯಾರಿಗೆಲ್ಲ ಬರಬಹುದು ನೋಡಿ. ಶಾಲೆಯ ಕಂಪ್ಯೂಟರ್ ಕೊಠಡಿ ನೋಡಿಕೊಳ್ಳುವ ಮೇಷ್ಟ್ರು, ಪಂಚಾಯಿತಿ ಅರಿವು ಕೇಂದ್ರದ ಮೇಲ್ವಿಚಾರಕರು, ಎರಡು ಸಿಸ್ಟಂ ಒಂದು ಪ್ರಿಂಟರ್ ಇಟ್ಟ ಡಿಟಿಪಿ ಅಂಗಡಿಯವರು, ಎಲ್ಲರಿಗೂ ಬೇಕಾದ ಫೈಲು ಹತ್ತು ಅಡಿ ದೂರದಲ್ಲೇ ಇರುತ್ತದೆ. ಅದಕ್ಕೆ ಹೊರಗಿನ ಇಂಟರ್‌ನೆಟ್ ಬೇಕಿಲ್ಲ. ಆದರೆ ಆ ಸಿಸ್ಟಂ ಅನ್ನು ಕರೆಯಲು ಒಂದು ನಿಂತ ಹೆಸರು ಬೇಕು. ಲಿನಕ್ಸ್, ಮ್ಯಾಕ್, ಬಿಎಸ್‌ಡಿಗಳಂಥ ಯೂನಿಕ್ಸ್ ಮನೆತನದ ಯಾವ ವ್ಯವಸ್ಥೆಯಲ್ಲಾದರೂ ಆ ಹೆಸರನ್ನು ನೀವೇ ಇಡಬಹುದು. ಹಣ ಕೊಟ್ಟು ಕೊಳ್ಳುವಂಥದ್ದು ಇದರಲ್ಲಿ ಏನೂ ಇಲ್ಲ.

ಈ ವ್ಯವಸ್ಥೆಗಳು ನಮ್ಮವರಿಗೆ ಅಪರಿಚಿತವೂ ಅಲ್ಲ. ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳ ಮಕ್ಕಳು ಕೇರಳದ ಉಳಿದ ಸರ್ಕಾರಿ ಶಾಲೆಗಳವರಂತೆ ಉಬುಂಟು ಆಧಾರಿತ ವ್ಯವಸ್ಥೆಯಲ್ಲೇ ಐಟಿ ಪಾಠ ಕಲಿಯುತ್ತಾರೆ. ಕರ್ನಾಟಕದಲ್ಲಿ ವಿಷಯ ಶಿಕ್ಷಕರ ವೇದಿಕೆಯ ತರಬೇತಿಗಳಲ್ಲಿ ಎಷ್ಟೋ ಪ್ರೌಢಶಾಲಾ ಶಿಕ್ಷಕರು ಉಬುಂಟು ಬಳಸಿದ್ದಾರೆ. ವ್ಯವಸ್ಥೆ ಕೈಗೆ ಬಂದ ಮೇಲೂ ಸಿಸ್ಟಂಗಳು ಒಂದನ್ನೊಂದು ಕಂಡುಹಿಡಿಯುವ ಬಗೆಯನ್ನು ಹೇಳಿಕೊಡುವವರು ಕಡಿಮೆ. ಈ ಲೇಖನ ಅಷ್ಟಕ್ಕೇ ಸೀಮಿತ.

ಒಂದು ಸೂಚನೆ. ಕಮಾಂಡುಗಳನ್ನು ಓದುವ ಹಾಗೆ ಕನ್ನಡದಲ್ಲಿ ಬರೆದಿದ್ದೇನೆ. ಟೈಪಿಸುವಾಗ ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಹೊಡೆಯಬೇಕು. ಕಾಗುಣಿತ ಹೊಳೆಯದೆ ಹೋಗಬಹುದಾದ ಕಡೆ ಅಕ್ಷರ ಬಿಡಿಸಿ ಹೇಳಿದ್ದೇನೆ.

ಹೆಸರು ಎಲ್ಲಿಂದ ಸಿಗುತ್ತದೆ?

ಜಾಲದಲ್ಲಿ ಸಿಸ್ಟಂಗಳು ಮಾತಾಡುವುದು ಸಂಖ್ಯೆಗಳಲ್ಲಿ. ಹೆಸರು ನಮ್ಮ ಅನುಕೂಲಕ್ಕೆ. ಇಂಟರ್‌ನೆಟ್ಟಿನ ಪೂರ್ವಜ ಆರ್ಪಾನೆಟ್‌ನಲ್ಲಿ ಎಲ್ಲ ಹೆಸರುಗಳೂ ಒಂದೇ ಫೈಲಿನಲ್ಲಿ ಇದ್ದವು. ಅದನ್ನು ಅಮೆರಿಕದ ಸ್ಟ್ಯಾನ್‌ಫರ್ಡ್ ರಿಸರ್ಚ್ ಇನ್‌ಸ್ಟಿಟ್ಯೂಟಿನಲ್ಲಿ ತಿದ್ದಿ ಇಡುತ್ತಿದ್ದರು, ಉಳಿದವರು ನಕಲು ತರಿಸಿಕೊಳ್ಳುತ್ತಿದ್ದರು. ಸಿಸ್ಟಂಗಳು ಹೆಚ್ಚಿದಂತೆ ಇದು ನಡೆಯದಾಯಿತು. 1983ರಲ್ಲಿ ಪಾಲ್ ಮೊಕಪೆಟ್ರಿಸ್ ಡಿಎನ್‌ಎಸ್ ಎಂಬ ಹಂಚಿಕೆಯ ಏರ್ಪಾಟನ್ನು ರೂಪಿಸಿದರು. ಹಳೆಯ ಫೈಲಿನ ಸಣ್ಣ ರೂಪ ಮಾತ್ರ ಇಂದಿಗೂ ಪ್ರತಿಯೊಂದು ಯೂನಿಕ್ಸ್ ವ್ಯವಸ್ಥೆಯಲ್ಲಿ ಉಳಿದಿದೆ: ಇಟಿಸಿ ಫೋಲ್ಡರಿನ ಹೋಸ್ಟ್ಸ್ ಫೈಲು.

ಈಗ ಮುಖ್ಯ ಮಾತು. ಪಾಠಗಳನ್ನು ಇಟ್ಟ ಸಿಸ್ಟಂಗೆ, ಅಂದರೆ ನಿಮ್ಮ ಸರ್ವರಿಗೆ, 'ಗಣಪ' ಎಂದು ಹೆಸರಿಟ್ಟಿದ್ದೀರಿ ಎನ್ನಿ. ನೀವು ಬ್ರೌಸರಿನಲ್ಲಿ ಆ ಹೆಸರು ಹೊಡೆದರೆ ಲಿನಕ್ಸ್ ನೇರವಾಗಿ ಡಿಎನ್‌ಎಸ್‌ಗೆ ಓಡುವುದಿಲ್ಲ. ಮೊದಲು ಇಟಿಸಿ ಫೋಲ್ಡರಿನಲ್ಲೇ ಇರುವ 'ಎನ್‌ಎಸ್‌ಸ್ವಿಚ್ ಡಾಟ್ ಕಾನ್ಫ್' ಎಂಬ ಫೈಲು ತೆರೆದು, 'ಹೋಸ್ಟ್ಸ್' ಎಂದು ಶುರುವಾಗುವ ಸಾಲು ಓದುತ್ತದೆ. ಯಾರನ್ನು ಮೊದಲು ಕೇಳಬೇಕು, ಯಾರನ್ನು ಆಮೇಲೆ ಎಂಬ ಸರದಿ ಅಲ್ಲಿದೆ. 'ಫೈಲ್ಸ್' ಎಂದರೆ ಹೋಸ್ಟ್ಸ್ ಫೈಲು. 'ಎಂಡಿಎನ್‌ಎಸ್4 ಅಂಡರ್‌ಸ್ಕೋರ್ ಮಿನಿಮಲ್' ಎಂದರೆ ಕೊಠಡಿಯೊಳಗೇ ವಿಚಾರಿಸುವ ವಿಧಾನ. 'ಡಿಎನ್‌ಎಸ್' ಎಂದರೆ ರೂಟರ್ ಅಥವಾ ಹೊರಗಿನ ಸರ್ವರ್. ನನ್ನ ಅನುಭವದಲ್ಲಿ ಹೆಸರಿನ ತಕರಾರುಗಳಲ್ಲಿ ಹೆಚ್ಚಿನವು ಈ ಸರದಿ ಗೊತ್ತಿಲ್ಲದ್ದರಿಂದ ಹುಟ್ಟುವಂಥವು.

ಡಿಎನ್‌ಎಸ್ ಎಂದು 8.8.8.8 ಹಾಕಿಕೊಂಡವರಿಗೆ ನೆಟ್ ಚೆನ್ನಾಗಿ ನಡೆಯುತ್ತಿದ್ದರೂ ಪಕ್ಕದ ಸಿಸ್ಟಂ ಸಿಗುವುದಿಲ್ಲ. ಕಾರಣ ಸರಳ. ಗೂಳೂರಿನ ಶಾಲೆಯ ಒಂದು ಕೊಠಡಿಯಲ್ಲಿ 'ಗಣಪ' ಇದೆ ಎಂಬುದು ಗೂಗಲ್ಲಿನ ಆ ಸರ್ವರಿಗೆ ತಿಳಿಯುವ ದಾರಿಯೇ ಇಲ್ಲ. ಸ್ಥಳೀಯ ಹೆಸರನ್ನು ಸ್ಥಳೀಯವಾಗಿಯೇ ಕೇಳಬೇಕು.

ಹಾಗೆ ಕೇಳುವ ವಿಧಾನದ ಹೆಸರು ಮಲ್ಟಿಕಾಸ್ಟ್ ಡಿಎನ್‌ಎಸ್. ಕೇರಿಯಲ್ಲಿ ನಿಂತು "ಗಣಪ ಯಾರಪ್ಪ?" ಎಂದು ಕೂಗಿದರೆ ಎಲ್ಲರಿಗೂ ಕೇಳಿಸುತ್ತದೆ, ಆ ಹೆಸರಿನವನು ಮಾತ್ರ "ನಾನು" ಎನ್ನುತ್ತಾನೆ. ಇದೂ ಅಷ್ಟೇ. ಪ್ರಶ್ನೆ 224.0.0.251 ಎಂಬ ಎಲ್ಲರೂ ಆಲಿಸುವ ವಿಳಾಸಕ್ಕೆ, 5353ನೇ ಪೋರ್ಟಿನಲ್ಲಿ ಹೋಗುತ್ತದೆ. ಆ ಹೆಸರಿರುವ ಸಿಸ್ಟಂ ತನ್ನ ಸಂಖ್ಯೆ ಹೇಳುತ್ತದೆ. ನಡುವೆ ಸರ್ವರ್ ಇಲ್ಲ, ಪಟ್ಟಿ ಇಲ್ಲ. ಸಂಖ್ಯೆ ಬದಲಾದರೆ ಉತ್ತರವೂ ತಾನಾಗಿ ಬದಲಾಗುತ್ತದೆ. ಇಂಥ ಹೆಸರುಗಳ ಕೊನೆಯಲ್ಲಿ 'ಡಾಟ್ ಲೋಕಲ್' ಇರುತ್ತದೆ. ಆಪಲ್‌ನ ಸ್ಟೂವರ್ಟ್ ಚೆಷೈರ್ ಮತ್ತು ಮಾರ್ಕ್ ಕ್ರಾಕ್ಮಲ್ ಬರೆದ ಇದರ ನಿಯಮಾವಳಿ 2013ರಲ್ಲಿ ಆರ್‌ಎಫ್‌ಸಿ 6762 ಆಗಿ ಬಂತು. ಲಿನಕ್ಸಿನಲ್ಲಿ ಈ ಕೆಲಸ ಮಾಡುವ ತಂತ್ರಾಂಶ ಅವಾಹಿ.

ಯಾವುದು ನಿಮಗೆ ಬೇಕು?

ಎರಡು ಮೂರು ಸಿಸ್ಟಂ, ಒಂದು ಪ್ರಿಂಟರ್ ಇರುವ ಅಂಗಡಿಗೆ ಖಾಯಂ ಸಂಖ್ಯೆಗಳ ಜೊತೆ ಹೋಸ್ಟ್ಸ್ ಫೈಲೇ ಸಾಕು. ಹತ್ತು ಹದಿನೈದು ಸಿಸ್ಟಂಗಳ ಕೊಠಡಿಗೆ ಅವಾಹಿ ಸರಿ. ಮಕ್ಕಳು, ಓದುಗರು ತಮ್ಮ ಫೋನುಗಳಿಂದಲೂ ಸರ್ವರ್ ತೆರೆಯಬೇಕು ಎಂದಾದರೆ ಸ್ವಂತ ಹೆಸರಿನ ಸರ್ವರ್, ಅಂದರೆ ಡಿಎನ್‌ಎಸ್‌ಮ್ಯಾಸ್ಕ್, ಬೇಕಾಗುತ್ತದೆ. ಅದನ್ನು ನೋಡಿಕೊಳ್ಳುವವರು ಒಬ್ಬರು ಇದ್ದರೆ ಮಾತ್ರ ಅದಕ್ಕೆ ಕೈ ಹಾಕಿ. ಆ ಒಂದು ಸಿಸ್ಟಂ ಕೆಟ್ಟರೆ ಇಡೀ ಕೊಠಡಿಯ ನೆಟ್ ನಿಂತಂತೆ. ಹೆಚ್ಚಿನ ಶಾಲೆಗಳಿಗೆ ಅವಾಹಿ, ಜೊತೆಗೆ ಸರ್ವರಿಗೊಂದು ಖಾಯಂ ಸಂಖ್ಯೆ, ಇಷ್ಟೇ ಸಾಕು ಎಂಬುದು ನನ್ನ ಅಭಿಪ್ರಾಯ.

ಮಾಡುವ ಕ್ರಮ

1. ಮೊದಲು ಹೆಸರಿಡಿ. ಹತ್ತು ಸಿಸ್ಟಂಗಳಿದ್ದರೆ ತುಮಕೂರು ಜಿಲ್ಲೆಯ ಹತ್ತು ತಾಲ್ಲೂಕುಗಳಿವೆ: ತುಮಕೂರು, ಗುಬ್ಬಿ, ಕುಣಿಗಲ್, ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ, ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ. 'ಪಿಸಿ-07' ಎಂಬುದಕ್ಕಿಂತ 'ಪಾವಗಡದಲ್ಲಿ ಮೌಸ್ ನಡೀತಿಲ್ಲ ಸಾರ್' ಎಂಬುದು ಮಕ್ಕಳ ಬಾಯಲ್ಲಿ ಬೇಗ ನಿಲ್ಲುತ್ತದೆ. ಸರ್ವರಿಗೆ ಯಾವ ಹೆಸರು ಎಂದು ಗೂಳೂರಿನವರಿಗೆ ಹೇಳಿಕೊಡಬೇಕಿಲ್ಲ. ಊರ ಕೆರೆಯ ಮಣ್ಣಿನಲ್ಲಿ ದೊಡ್ಡ ಗಣಪನನ್ನು ಮಾಡಿ ತಿಂಗಳು ಪೂಜಿಸುವ ಊರು ಅದು. ಈ ಲೇಖನದ ಸರ್ವರ್ ಕೂಡ 'ಗಣಪ'ನೇ.

ಹೆಸರಿನಲ್ಲಿ ಇಂಗ್ಲಿಷ್ ಅಕ್ಷರ, ಅಂಕೆ, ನಡುವೆ ಅಡ್ಡಗೆರೆ ಇರಬಹುದು. ಅಂಡರ್‌ಸ್ಕೋರ್ ಬೇಡ, ಖಾಲಿ ಜಾಗ ಬೇಡ. ಉದ್ದ 63 ಅಕ್ಷರ ಮೀರಬಾರದು. ಡಾಟ್ ಭಾರತ ಎಂಬ ವಿಳಾಸ ಕನ್ನಡ ಲಿಪಿಯಲ್ಲೇ ಇದೆ ನಿಜ, ಆದರೆ ಸಿಸ್ಟಂಗೆ ಕನ್ನಡ ಲಿಪಿಯ ಹೆಸರಿಟ್ಟರೆ ಹಲವು ತಂತ್ರಾಂಶಗಳು ಒಪ್ಪುವುದಿಲ್ಲ. ಶಿರಾ, ತುಮಕೂರಿನಂಥ ಹೆಸರುಗಳನ್ನು ಇಂಗ್ಲಿಷಿನಲ್ಲಿ ಎರಡು ಥರ ಬರೆಯುವವರಿದ್ದಾರೆ. ಒಂದು ಕಾಗುಣಿತ ನಿಶ್ಚಯಿಸಿ ಸಿಸ್ಟಂ ಮೇಲೇ ಅಂಟಿಸಿ.

ಟರ್ಮಿನಲ್ ತೆರೆದು 'ಸುಡೊ ಹೋಸ್ಟ್‌ನೇಮ್‌ಸಿಟಿಎಲ್ ಸೆಟ್-ಹೋಸ್ಟ್‌ನೇಮ್ ಗುಬ್ಬಿ' ಎಂದು ಕೊಡಿ. 'ಸಿಟಿಎಲ್' ಎಂಬುದು ಹೋಸ್ಟ್‌ನೇಮ್‌ಗೆ ಅಂಟಿಕೊಂಡೇ ಬರಬೇಕು. ಉಬುಂಟು, ಡೆಬಿಯನ್‌ಗಳಲ್ಲಿ ಹೋಸ್ಟ್ಸ್ ಫೈಲಿನ 127.0.1.1 ಸಾಲಿನಲ್ಲಿ ಹಳೆಯ ಹೆಸರು ಇರುತ್ತದೆ. ಅದನ್ನೂ ತಿದ್ದಿ. ತಿದ್ದದಿದ್ದರೆ ಸುಡೊ ಕೊಟ್ಟಾಗಲೆಲ್ಲ ಹೆಸರು ಸಿಗುತ್ತಿಲ್ಲ ಎಂಬ ದೂರು ಬರುತ್ತದೆ.

2. ಸರ್ವರ್ ಮತ್ತು ಪ್ರಿಂಟರಿಗೆ ಖಾಯಂ ಸಂಖ್ಯೆ ಕೊಡಿ. ಸಂಖ್ಯೆಗಳನ್ನು ಹಂಚುವುದು ರೂಟರಿನೊಳಗಿನ ಡಿಎಚ್‌ಸಿಪಿ. ಅದು ಕೊಡುವುದು ಗಡುವು ಹಾಕಿದ ಬಾಡಿಗೆಗೆ. ಗಡುವು ಮುಗಿದರೆ, ಅಥವಾ ಕರೆಂಟು ಹೋಗಿ ರೂಟರ್ ತನ್ನ ಪಟ್ಟಿ ಮರೆತರೆ, ಸಂಖ್ಯೆ ಬದಲಾಗಬಹುದು. ರೂಟರಿನ ಸೆಟ್ಟಿಂಗ್ ಪುಟದಲ್ಲಿ 'ಅಡ್ರೆಸ್ ರಿಸರ್ವೇಶನ್' ಅಥವಾ 'ಸ್ಟ್ಯಾಟಿಕ್ ಲೀಸ್' ಎಂಬ ಜಾಗ ಹುಡುಕಿ, ಗಣಪನ ಮ್ಯಾಕ್ ವಿಳಾಸಕ್ಕೆ (ಜಾಲದ ಕಾರ್ಡಿನ ಗುರುತು ಸಂಖ್ಯೆ, ಆಪಲ್‌ನ ಮ್ಯಾಕ್ ಅಲ್ಲ) 192.168.1.10 ಎಂದು ಬರೆದಿಡಿ. ಮ್ಯಾಕ್ ವಿಳಾಸ 'ಐಪಿ ಲಿಂಕ್' ಎಂದು ಕೊಟ್ಟರೆ ಕಾಣುತ್ತದೆ. ನಿಮ್ಮ ರೂಟರಿನ ಸಂಖ್ಯೆ 192.168.0 ಎಂದೋ 10 ಎಂದೋ ಶುರುವಾದರೆ ಅದಕ್ಕೆ ತಕ್ಕಂತೆ ಬದಲಿಸಿಕೊಳ್ಳಿ. ಉಳಿದ ಸಿಸ್ಟಂಗಳ ಸಂಖ್ಯೆ ಎಷ್ಟಾದರೂ ಬದಲಾಗಲಿ, ತೊಂದರೆಯಿಲ್ಲ.

3. ಅವಾಹಿ ಇದೆಯೇ ನೋಡಿ. ಉಬುಂಟು ಡೆಸ್ಕ್‌ಟಾಪ್‌ನಲ್ಲಿ ಸಾಮಾನ್ಯವಾಗಿ ಇರುತ್ತದೆ. ಇಲ್ಲದಿದ್ದರೆ ಎರಡು ಪ್ಯಾಕೇಜು ಬೇಕು: 'ಅವಾಹಿ-ಡೀಮನ್' ಮತ್ತು 'ಲಿಬ್‌ಎನ್‌ಎಸ್‌ಎಸ್-ಎಂಡಿಎನ್‌ಎಸ್'. ಅವಾಹಿಯ ಕಾಗುಣಿತ ಎ-ವಿ-ಎ-ಎಚ್-ಐ, ಡೀಮನ್‌ನದು ಡಿ-ಎ-ಇ-ಎಂ-ಒ-ಎನ್. ಮೊದಲನೆಯದು ನಮ್ಮ ಹೆಸರನ್ನು ಬೇರೆಯವರಿಗೆ ಹೇಳುತ್ತದೆ, ಎರಡನೆಯದು ಬೇರೆಯವರ ಹೆಸರನ್ನು ನಮ್ಮ ತಂತ್ರಾಂಶಗಳಿಗೆ ತಿಳಿಸುತ್ತದೆ. ಮೊದಲನೆಯದನ್ನಷ್ಟೇ ಹಾಕಿದರೆ ಅರ್ಧ ಕೆಲಸ. ಪಕ್ಕದವನು ನಮ್ಮನ್ನು ಕಾಣುತ್ತಾನೆ, ನಾವು ಅವನನ್ನು ಕಾಣುವುದಿಲ್ಲ.

4. ಎನ್‌ಎಸ್‌ಸ್ವಿಚ್ ಸಾಲು ಪರೀಕ್ಷಿಸಿ. 'ಫೈಲ್ಸ್', ಆಮೇಲೆ 'ಎಂಡಿಎನ್‌ಎಸ್4 ಅಂಡರ್‌ಸ್ಕೋರ್ ಮಿನಿಮಲ್', ಆಮೇಲೆ ಚೌಕ ಆವರಣದೊಳಗೆ 'ನಾಟ್‌ಫೌಂಡ್ ಸಮಚಿಹ್ನೆ ರಿಟರ್ನ್', ಕೊನೆಗೆ 'ಡಿಎನ್‌ಎಸ್', ಈ ಸರದಿ ಇರಬೇಕು. ನಾಟ್‌ಫೌಂಡ್ ಎಂಬುದನ್ನು ದೊಡ್ಡಕ್ಷರದಲ್ಲಿ, ಎರಡು ಪದ ಕೂಡಿಸಿ ಬರೆಯುತ್ತಾರೆ. ಡಾಟ್ ಲೋಕಲ್ ಹೆಸರು ಕೊಠಡಿಯಲ್ಲಿ ಸಿಗದಿದ್ದರೆ ಅಲ್ಲಿಗೇ ನಿಲ್ಲು, ಹೊರಗೆ ಹೋಗಿ ಕೇಳಬೇಡ ಎಂದು ಇದರ ಅರ್ಥ. ಫೆಡೋರಾದಂಥ ಕೆಲವು ವ್ಯವಸ್ಥೆಗಳಲ್ಲಿ 'ರಿಸಾಲ್ವ್' ಎಂಬ ಇನ್ನೊಂದು ಮಾತೂ ಇರುತ್ತದೆ. ಎಂಡಿಎನ್‌ಎಸ್ ಅದಕ್ಕಿಂತ ಮುಂಚೆ ಬರಲಿ. ಈ ಫೈಲು ತಿದ್ದುವ ಮೊದಲು ಒಂದು ನಕಲು ಇಟ್ಟುಕೊಳ್ಳಿ.

5. ಸರ್ವರಿನ ಹೆಸರನ್ನು ಹೋಸ್ಟ್ಸ್ ಫೈಲಿನಲ್ಲೂ ಬರೆಯಿರಿ. ಗಣಪನಿಗೆ ಖಾಯಂ ಸಂಖ್ಯೆ ಕೊಟ್ಟಾಗಿದೆಯಲ್ಲ, ಪ್ರತಿ ಸಿಸ್ಟಂನಲ್ಲಿ ಒಂದು ಸಾಲು ಸೇರಿಸಿ: ಮೊದಲು 192.168.1.10, ನಂತರ ಖಾಲಿ ಜಾಗ, ನಂತರ ಗಣಪ. ಅವಾಹಿ ಯಾವ ಕಾರಣಕ್ಕೋ ಕೈಕೊಟ್ಟರೂ ಸರ್ವರ್ ಸಿಗುತ್ತದೆ. ಎಲ್ಲ ಹತ್ತು ಸಿಸ್ಟಂಗಳನ್ನೂ ಹೀಗೆ ಬರೆಯಲು ಹೋಗಬೇಡಿ. ಹತ್ತು ಕಡೆ ಹತ್ತು ಸಾಲು ತಿದ್ದುವ ಕೆಲಸ ಯಾರಿಂದಲೂ ನಡೆದು ಬರುವುದಿಲ್ಲ.

6. ಪರೀಕ್ಷೆ ಮಾಡಿ. 'ಗೆಟ್‌ಎಂಟ್ ಹೋಸ್ಟ್ಸ್ ಗಣಪ' ಎಂದು ಕೊಡಿ. ಗೆಟ್‌ಎಂಟ್ ಅಂದರೆ ಜಿ-ಇ-ಟಿ-ಇ-ಎನ್-ಟಿ. ಇದು ನಿಮ್ಮ ಬ್ರೌಸರ್ ಕೇಳುವ ಸರದಿಯಲ್ಲೇ ಕೇಳುತ್ತದೆ, ಆದ್ದರಿಂದ ಇದರ ಉತ್ತರವನ್ನು ನಂಬಬಹುದು. ಆಮೇಲೆ 'ಪಿಂಗ್ ಗುಬ್ಬಿ ಡಾಟ್ ಲೋಕಲ್' ಎಂದು ನೋಡಿ. ಎರಡೂ ನಡೆದರೆ, ಹೊರಗಿನ ನೆಟ್ ತರುವ ಕೇಬಲ್ಲನ್ನು ರೂಟರಿನಿಂದ ತೆಗೆದು ಮತ್ತೊಮ್ಮೆ ಇವನ್ನೇ ಮಾಡಿ. ಆಗಲೂ ಉತ್ತರ ಬಂದರೆ ನಿಮ್ಮ ಕೊಠಡಿ ಹೊರಗಿನವರ ಹಂಗಿಲ್ಲದೆ ನಡೆಯುತ್ತಿದೆ. ಕೊಠಡಿಯಲ್ಲಿ ಯಾರ್‍ಯಾರು ಇದ್ದಾರೆ ಎಂದು ತಿಳಿಯಲು 'ಅವಾಹಿ-ಬ್ರೌಸ್' ಎಂಬ ಕಮಾಂಡ್ ಇದೆ. ಉಬುಂಟುವಿನಲ್ಲಿ ಅದು 'ಅವಾಹಿ-ಯುಟಿಲ್ಸ್' ಪ್ಯಾಕೇಜಿನಲ್ಲಿ ಬರುತ್ತದೆ.

ಫೋನುಗಳೂ ಬರಬೇಕೆಂದರೆ

ಹಳೆಯ ಆಂಡ್ರಾಯ್ಡ್ ಫೋನುಗಳ ಬ್ರೌಸರಿಗೆ ಡಾಟ್ ಲೋಕಲ್ ಹೆಸರು ಅರ್ಥವಾಗುವುದಿಲ್ಲ. ಅರಿವು ಕೇಂದ್ರಕ್ಕೆ ಬರುವ ಮಕ್ಕಳ ಕೈಯಲ್ಲಿ ಅಂಥವೂ ಇರಬಹುದು. ಅವರಿಗಾಗಿ ಗಣಪನಲ್ಲಿ ಡಿಎನ್‌ಎಸ್‌ಮ್ಯಾಸ್ಕ್ ಹಾಕಬಹುದು. ಅದರ ಹೆಸರಿನ ಕೊನೆಯ ಭಾಗದ ಕಾಗುಣಿತ ಎಂ-ಎ-ಎಸ್-ಕ್ಯು. ಸೈಮನ್ ಕೆಲ್ಲಿ ಎಂಬವರು ಬರೆದ ಈ ಪುಟ್ಟ ತಂತ್ರಾಂಶ ಸಂಖ್ಯೆ ಹಂಚುವ ಕೆಲಸವನ್ನೂ ಹೆಸರು ಹೇಳುವ ಕೆಲಸವನ್ನೂ ಒಟ್ಟಿಗೆ ಮಾಡುತ್ತದೆ. ಸಂಖ್ಯೆ ಕೇಳಲು ಬಂದ ಸಿಸ್ಟಂ ತನ್ನ ಹೆಸರನ್ನೂ ಹೇಳುತ್ತದೆ. ಇದು ಎರಡನ್ನೂ ಬರೆದುಕೊಂಡು ಕೇಳಿದವರಿಗೆ ತಿಳಿಸುತ್ತದೆ. ಇದರ ಬಲ ಇರುವುದು ಇಲ್ಲೇ. ಪಟ್ಟಿ ತಾನಾಗಿ ಬೆಳೆಯುತ್ತದೆ.

ಗಮನಿಸಬೇಕಾದ ನಾಲ್ಕು ವಿಷಯಗಳಿವೆ. ಸಂಖ್ಯೆ ಹಂಚುವವರು ಜಾಲದಲ್ಲಿ ಒಬ್ಬರೇ ಇರಬೇಕು, ಹಾಗಾಗಿ ರೂಟರಿನ ಡಿಎಚ್‌ಸಿಪಿಯನ್ನು ಆಫ್ ಮಾಡಿ. ಆಫ್ ಮಾಡಿದ ಮೇಲೆ ರೂಟರಿನಲ್ಲಿ ಬರೆದಿಟ್ಟ ರಿಸರ್ವೇಶನ್ ಕೆಲಸ ಮಾಡುವುದಿಲ್ಲ, ಆದ್ದರಿಂದ ಗಣಪನ ಸಂಖ್ಯೆಯನ್ನು ಮೊದಲೇ ಗಣಪನಲ್ಲೇ ಖಾಯಂ ಮಾಡಿಕೊಳ್ಳಿ. ಡಿಎನ್‌ಎಸ್‌ಮ್ಯಾಸ್ಕ್ ಬೇರೇನೂ ಹೇಳದಿದ್ದರೆ ತಾನೇ ಹೊರಗಿನ ದಾರಿ ಎಂದು ಎಲ್ಲರಿಗೂ ಸಾರುತ್ತದೆ. ನೆಟ್ ಬರುವುದು ರೂಟರಿನಿಂದ ತಾನೆ, ಅದಕ್ಕೆ 'ಡಿಎಚ್‌ಸಿಪಿ-ಆಪ್ಶನ್' ಸಾಲಿನಲ್ಲಿ ರೂಟರಿನ ಸಂಖ್ಯೆ ಬರೆಯಲೇಬೇಕು. ಉಬುಂಟುವಿನಲ್ಲಿ ಸಿಸ್ಟಂಡಿ-ರಿಸಾಲ್ವ್ಡ್ ಎಂಬುದು 127.0.0.53ರಲ್ಲಿ ಮೊದಲೇ 53ನೇ ಪೋರ್ಟ್ ಹಿಡಿದು ಕೂತಿರುತ್ತದೆ. ಎರಡೂ ಜಗಳವಾಡದಂತೆ 'ಇಂಟರ್‌ಫೇಸ್' ಸಾಲಿನಲ್ಲಿ ನಿಮ್ಮ ಜಾಲದ ಕಾರ್ಡಿನ ಹೆಸರು ಕೊಟ್ಟು, 'ಬೈಂಡ್-ಇಂಟರ್‌ಫೇಸಸ್' ಎಂದು ಇನ್ನೊಂದು ಸಾಲು ಹಾಕಿ.

ಇಲ್ಲಿ ಹೆಸರಿನ ಬಾಲ ಡಾಟ್ ಲೋಕಲ್ ಆಗಬಾರದು, ಅದು ಮಲ್ಟಿಕಾಸ್ಟಿನ ಸ್ವತ್ತು. 2018ರಲ್ಲಿ ಆರ್‌ಎಫ್‌ಸಿ 8375 ಮನೆಯೊಳಗಿನ ಜಾಲಗಳಿಗೆಂದು 'ಹೋಮ್ ಡಾಟ್ ಆರ್ಪ' ಎತ್ತಿಟ್ಟಿತು. 2024ರಲ್ಲಿ ಐಕ್ಯಾನ್ ಸಂಸ್ಥೆ 'ಡಾಟ್ ಇಂಟರ್ನಲ್' ಅನ್ನು ಖಾಸಗಿ ಬಳಕೆಗೆ ಮೀಸಲಿಟ್ಟಿತು. ಶಾಲೆಗೆ ಎರಡನೆಯದು ಒಪ್ಪುತ್ತದೆ: ಗಣಪ ಡಾಟ್ ಇಂಟರ್ನಲ್. ತೋಚಿದ ಬಾಲ ಕಟ್ಟಬೇಡಿ, ನಾಳೆ ಅದೇ ಬಾಲವನ್ನು ಹೊರಗಿನ ಲೋಕದಲ್ಲಿ ಯಾರೋ ಕೊಂಡರೆ ನಿಮ್ಮ ಮಕ್ಕಳು ಬೇರೆಲ್ಲೋ ಹೋಗಿ ಬೀಳುತ್ತಾರೆ.

ಸಾಮಾನ್ಯವಾಗಿ ಆಗುವ ತಪ್ಪುಗಳು

'ಡಿಗ್' ಅಥವಾ 'ಎನ್‌ಎಸ್‌ಲುಕಪ್' ಕೊಟ್ಟು ಹೆಸರು ಸಿಗಲಿಲ್ಲ ಎಂದು ಕೈಬಿಡುವುದು. ಇವು ನೇರ ಡಿಎನ್‌ಎಸ್ ಸರ್ವರನ್ನೇ ಕೇಳುತ್ತವೆ. ಹೋಸ್ಟ್ಸ್ ಫೈಲನ್ನೂ ನೋಡುವುದಿಲ್ಲ, ಎನ್‌ಎಸ್‌ಸ್ವಿಚ್ ಸರದಿಯನ್ನೂ ಪಾಲಿಸುವುದಿಲ್ಲ. ಎಲ್ಲ ಸರಿಯಿದ್ದಾಗಲೂ ಇವು ಇಲ್ಲ ಎನ್ನಬಹುದು. ಎಷ್ಟೋ ಜನರ ಸಂಜೆಗಳು ಈ ಒಂದು ತಪ್ಪಿನಲ್ಲಿ ಕಳೆದುಹೋಗಿವೆ.

ಡಿಎನ್‌ಎಸ್‌ಮ್ಯಾಸ್ಕ್ ಹಾಕಿದ ಮೇಲೆ 'ಇರಲಿ' ಎಂದು ಎರಡನೇ ಡಿಎನ್‌ಎಸ್ ಆಗಿ 8.8.8.8 ಕೊಡುವುದು. ಎರಡನೆಯದು ಇರುವುದು ಮೊದಲನೆಯದು ಸತ್ತಾಗ ಮಾತ್ರ ಎಂದು ನಾವು ಭಾವಿಸುತ್ತೇವೆ. ಹಲವು ವ್ಯವಸ್ಥೆಗಳು ಹಾಗೆ ನಡೆಯುವುದಿಲ್ಲ, ಮನಬಂದಂತೆ ಯಾವುದನ್ನಾದರೂ ಕೇಳುತ್ತವೆ. ಆಗ ಗಣಪ ಒಮ್ಮೆ ಸಿಗುತ್ತಾನೆ, ಒಮ್ಮೆ ಇಲ್ಲ. ಹೆಸರು ಯಾವಾಗಲೂ ಸಿಗದಿರುವ ತೊಂದರೆಗಿಂತ ಆಗಾಗ ಮಾತ್ರ ಸಿಗುವ ತೊಂದರೆಯ ಕಾರಣ ಹುಡುಕುವುದು ಬಲು ಕಷ್ಟ.

ಒಂದು ಸಿಸ್ಟಂ ಸಿದ್ಧಮಾಡಿ ಅದರ ಪಡಿಯಚ್ಚನ್ನು ಉಳಿದ ಒಂಬತ್ತಕ್ಕೂ ಹಾಕಿದ್ದೀರಾ? ಹಾಗಾದರೆ ಹತ್ತಕ್ಕೂ ಒಂದೇ ಹೆಸರು. ಅವಾಹಿ ಗುದ್ದಾಟ ತಪ್ಪಿಸಲು ಗುಬ್ಬಿ-2, ಗುಬ್ಬಿ-3 ಎಂದು ತಾನೇ ಬಾಲ ಸೇರಿಸುತ್ತದೆ, ಇವತ್ತಿನ ಗುಬ್ಬಿ-2 ನಾಳೆ ಗುಬ್ಬಿ-5 ಆಗಬಹುದು. ಇಟಿಸಿ ಫೋಲ್ಡರಿನ 'ಮಷಿನ್-ಐಡಿ' ಫೈಲೂ ಒಂದೇ ಆಗಿರುತ್ತದೆ. ಉಬುಂಟು ಸರ್ವರ್ ಆವೃತ್ತಿಯಲ್ಲಿ ಸಂಖ್ಯೆ ಕೇಳುವಾಗ ಅದರಿಂದ ಹುಟ್ಟಿದ ಗುರುತನ್ನು ತೋರಿಸುವುದರಿಂದ ಎರಡು ಸಿಸ್ಟಂಗಳಿಗೆ ಒಂದೇ ಸಂಖ್ಯೆ ಬಂದು ಕೂರುವುದೂ ಉಂಟು. ಪಡಿಯಚ್ಚು ತೆಗೆಯುವ ಮುನ್ನ ಆ ಫೈಲನ್ನು ಅಳಿಸದೆ ಒಳಗಿನದನ್ನು ಮಾತ್ರ ಖಾಲಿ ಮಾಡಿ. ಪ್ರತಿ ಸಿಸ್ಟಂ ಮೊದಲ ಸಲ ಆನ್ ಆದಾಗ ಹೊಸ ಗುರುತು ಹುಟ್ಟಿಸಿಕೊಳ್ಳುತ್ತದೆ.

ಕೇಬಲ್ಲಿನಲ್ಲಿರುವವರು ಒಬ್ಬರನ್ನೊಬ್ಬರು ಕಾಣುತ್ತಾರೆ, ವೈಫೈನಲ್ಲಿರುವವರು ಕಾಣುವುದಿಲ್ಲ ಎಂದಾದರೆ ರೂಟರಿನಲ್ಲಿ 'ಎಪಿ ಐಸೊಲೇಶನ್' ಆನ್ ಆಗಿರಬಹುದು, ಇಲ್ಲವೇ ಅವರು ಗೆಸ್ಟ್ ವೈಫೈಗೆ ಸೇರಿರಬಹುದು. ಈ ಎರಡು ಏರ್ಪಾಟುಗಳೂ ಸಿಸ್ಟಂಗಳನ್ನು ಬೇಕೆಂದೇ ಬೇರೆಬೇರೆ ಇಡುತ್ತವೆ. ಫೈರ್‌ವಾಲ್ ಇದ್ದರೆ ಯುಡಿಪಿ 5353ನೇ ಪೋರ್ಟನ್ನು ತೆರೆದಿಡಬೇಕು.

ಇಟಿಸಿ ಫೋಲ್ಡರಿನ 'ರಿಸಾಲ್ವ್ ಡಾಟ್ ಕಾನ್ಫ್' ತಿದ್ದಿ ಸರಿಮಾಡಿದೆ ಎಂದುಕೊಂಡರೆ ರೀಸ್ಟಾರ್ಟ್ ಆದ ಕೂಡಲೇ ಅದು ಅಳಿಸಿಹೋಗಬಹುದು. ಈಗಿನ ವ್ಯವಸ್ಥೆಗಳಲ್ಲಿ ಆ ಫೈಲನ್ನು ಬೇರೆ ತಂತ್ರಾಂಶ ಬರೆಯುತ್ತದೆ. ಬದಲಾವಣೆಯನ್ನು ನೆಟ್‌ವರ್ಕ್‌ಮ್ಯಾನೇಜರಿನಲ್ಲಿ ಮಾಡಿ.

ಬ್ರೌಸರಿನಲ್ಲಿ 'ಡಿಎನ್‌ಎಸ್ ಓವರ್ ಎಚ್‌ಟಿಟಿಪಿಎಸ್', ಫೋನಿನಲ್ಲಿ 'ಪ್ರೈವೇಟ್ ಡಿಎನ್‌ಎಸ್' ಆನ್ ಇದ್ದರೆ ಅವು ನಿಮ್ಮ ಡಿಎನ್‌ಎಸ್‌ಮ್ಯಾಸ್ಕ್ ಅನ್ನು ಬಿಟ್ಟು ಹೊರಗೆ ಕೇಳುತ್ತವೆ. ಬ್ರೌಸರಿನಲ್ಲಿ ಬರೀ ಗಣಪ ಎಂದು ಹೊಡೆದಾಗ ಗೂಗಲ್ ಹುಡುಕಾಟ ತೆರೆದರೆ ಅದು ಬೇರೆ ಕಥೆ. ಕೊನೆಗೊಂದು ಓರೆಗೆರೆ ಸೇರಿಸಿ, ಅದು ವಿಳಾಸ ಎಂದು ಬ್ರೌಸರಿಗೆ ಗೊತ್ತಾಗುತ್ತದೆ.

ಮ್ಯಾಕ್ ಮತ್ತು ಬಿಎಸ್‌ಡಿ

ಮ್ಯಾಕ್‌ನಲ್ಲಿ ಡಾಟ್ ಲೋಕಲ್ ಹುಟ್ಟಿನಿಂದಲೇ ಇದೆ, ಹೋಸ್ಟ್ಸ್ ಫೈಲೂ ಅದೇ ಜಾಗದಲ್ಲಿದೆ. ಎನ್‌ಎಸ್‌ಸ್ವಿಚ್ ಮಾತ್ರ ಇಲ್ಲ. ಫ್ರೀಬಿಎಸ್‌ಡಿಯಲ್ಲಿ ಎನ್‌ಎಸ್‌ಸ್ವಿಚ್ ಇದೆ, ಎಂಡಿಎನ್‌ಎಸ್‌ಗೆ ಪ್ಯಾಕೇಜು ಬೇರೆ ಹಾಕಿಕೊಳ್ಳಬೇಕು. ಓಪನ್‌ಬಿಎಸ್‌ಡಿಯಲ್ಲಿ ಸರದಿ ಇರುವುದು ರಿಸಾಲ್ವ್ ಡಾಟ್ ಕಾನ್ಫ್ ಫೈಲಿನ 'ಲುಕಪ್' ಸಾಲಿನಲ್ಲಿ. ಡಾಕರ್ ಬಳಸುವವರು ಗಮನಿಸಿ: ಆಲ್ಪೈನ್ ಲಿನಕ್ಸಿನ ಮಸಲ್ ಲೈಬ್ರರಿ ಎನ್‌ಎಸ್‌ಸ್ವಿಚ್ ಓದುವುದೇ ಇಲ್ಲ, ಅದರೊಳಗಿಂದ ಡಾಟ್ ಲೋಕಲ್ ಹೆಸರು ಸಿಗುವುದಿಲ್ಲ.

ಎಚ್ಚರಿಕೆ

ಮಲ್ಟಿಕಾಸ್ಟಿನಲ್ಲಿ "ನಾನೇ ಗಣಪ" ಎಂದು ಯಾರು ಬೇಕಾದರೂ ಹೇಳಬಹುದು, ತಡೆಯುವವರಿಲ್ಲ. ನಿಮ್ಮದೇ ಕೊಠಡಿಯಲ್ಲಿ ಇದು ದೊಡ್ಡ ಚಿಂತೆಯಲ್ಲ. ಎಲ್ಲರಿಗೂ ತೆರೆದ ವೈಫೈ ಇರುವ ಕಡೆ ಚಿಂತೆಯೇ. ಅಂಕಪಟ್ಟಿ, ಫಲಾನುಭವಿಗಳ ದಾಖಲೆ, ಪಾಸ್‌ವರ್ಡ್‌ಗಳಿರುವ ಸರ್ವರನ್ನು ಬರೀ ಹೆಸರು ನಂಬಿ ತೆರೆಯಬೇಡಿ. ಎಸ್‌ಎಸ್‌ಎಚ್ ಮೂಲಕ ಗಣಪನಿಗೆ ಹೋಗುವಾಗ ಕೀಲಿ ಬದಲಾಗಿದೆ ಎಂಬ ಎಚ್ಚರಿಕೆ ಬಂದರೆ, ಸರ್ವರಿಗೆ ಹೊಸದಾಗಿ ಲಿನಕ್ಸ್ ಹಾಕಿದ್ದೀರಾ ಎಂದು ಮೊದಲು ನೋಡಿ. ಹಾಕಿಲ್ಲವಾದರೆ ಅಲ್ಲಿಗೇ ನಿಲ್ಲಿಸಿ, ಪಾಸ್‌ವರ್ಡ್ ಕೊಡದೆ, ಆ ಹೆಸರಿಗೆ ಉತ್ತರಿಸುತ್ತಿರುವ ಸಿಸ್ಟಂ ಯಾವುದೆಂದು ಮ್ಯಾಕ್ ವಿಳಾಸ ಹಿಡಿದು ಪತ್ತೆಮಾಡಿ. 'ಐಪಿ ನೇಬರ್' ಎಂಬ ಕಮಾಂಡ್ ಅದನ್ನು ತೋರಿಸುತ್ತದೆ. ನೇಬರ್ ಅನ್ನು ಎನ್-ಇ-ಐ-ಜಿ-ಎಚ್ ಎಂದಷ್ಟೇ ಹೊಡೆದರೂ ನಡೆಯುತ್ತದೆ.